ಹಬ್ಬಿ ಯಾರು?

ಲಿಂಗಸುಗೂರು
12 ಜೂನ್ 2025

ಶಿವಕುಮಾರಿಗೆ ಅವ್ವನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಯಾರ ಮನಸ್ಸಿನಲ್ಲಿ ಏನಿದೆಯೋ ತಿಳಿಯದೆ ಹಾಗೆ ಬರೆಯುವುದು ಹೇಗೆ? ನಾನಂತೂ ಉಸಿರಾಡುತ್ತಿದ್ದೇನೆ.

ಫೋನಿರುವಾಗ ಅವ್ವನಿಗೇಕೆ ಪತ್ರದ ಹುಚ್ಚು ಎಂದು ನಗಬೇಡ. ಈ ಮನೆ ನಿನಗೆ ಗೊತ್ತಿಲ್ಲವೇ? ಪಡಸಾಲೆಯಲ್ಲಿ ಆಡಿದ್ದು ಅಡುಗೆಮನೆಗೆ ಕೇಳುತ್ತದೆ, ಅಡುಗೆಮನೆಯಲ್ಲಿ ಆಡಿದ್ದು ಹಿತ್ತಲಿಗೆ. ಹೊಸ ಸೊಸೆಯ ಕಿವಿ ಬಲು ಚುರುಕು. ಮೇಲಾಗಿ ಈಗಿನ ಫೋನು ಆಡಿದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದಂತೆ. ಬಳೆ ಮಾರುವ ಗುಲ್ಷನ್‌ಬೀ ಸರಕು ತರಲು ಸಿಂಧನೂರಿಗೆ ಬರುತ್ತಿರುತ್ತಾಳಲ್ಲ, ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಅನ್ನದ ಅಗುಳು ಹಚ್ಚಿ ಭದ್ರವಾಗಿ ಅಂಟಿಸಿದ್ದೇನೆ. ಅಂಟು ಬಿಚ್ಚಿದ ಹಾಗೆ ಕಂಡರೆ ತಪ್ಪದೆ ತಿಳಿಸು.

ಕೇಳಬೇಕಾದದ್ದು ಒಂದು ಇಂಗ್ಲಿಷ್ ಶಬ್ದ. ಎಚ್, ಯು, ಆಮೇಲೆ ಎರಡು ಬಿ, ಕೊನೆಗೆ ವೈ. ಏಳನೇ ತರಗತಿಯಲ್ಲಿ ಕಲಿತ ಅಕ್ಷರಗಳನ್ನು ನಾನಿನ್ನೂ ಮರೆತಿಲ್ಲ. ಕೂಡಿಸಿ ಓದಿದರೆ ‘ಹಬ್ಬಿ’ ಎಂದಾಗುತ್ತದೆ. ಪಕ್ಕದಲ್ಲಿ ವೀಳ್ಯದೆಲೆಯಂಥ ಒಂದು ಕೆಂಪು ಗುರುತು. ಹುಬ್ಬಳ್ಳಿ ಎಂದು ಬರೆಯಲು ಹೋಗಿ ಅರ್ಧಕ್ಕೆ ಬಿಟ್ಟಿದ್ದಾರೋ, ಅದು ಯಾರದಾದರೂ ಹೆಸರೋ ತಿಳಿಯದು. ಗುಲ್ಷನ್‌ಬೀಯನ್ನು ಕೇಳಿದರೆ ಬಾಯಿಗೆ ಸೆರಗು ಹಿಡಿದು ನಕ್ಕಳು. “ನಿಮ್ಮ ಸೊಸಿನ್ನ ಕೇಳ್ರೀ ಅಕ್ಕಾ, ಆಕಿ ಚೆಂದ ಹೇಳ್ತಾಳ” ಅಂದಳು. ಆ ನಗು ನನಗೆ ಸರಿಬರಲಿಲ್ಲ.

ಎಲ್ಲಿ ನೋಡಿದೆ, ಯಾಕೆ ಬೇಕು ಎಂದು ಕೇಳಬೇಡ. ನೀನು ಬಿ.ಎ. ಓದಿದವಳು, ಅರ್ಥವಷ್ಟೇ ಬರೆ.

ನಿನ್ನ ಅವ್ವ

---

ಸಿಂಧನೂರು
18 ಜೂನ್ 2025

ಅವ್ವಾ,

ಅಂಟು ಬಿಚ್ಚಿರಲಿಲ್ಲ. ನೀನು ಹಚ್ಚಿದ ಅಗುಳಿಗೆ ನನಗೇ ಬಿಚ್ಚಲಾಗದೆ ಚಾಕು ಹಿಡಿಯಬೇಕಾಯಿತು.

ಹಬ್ಬಿ ಎಂದರೆ ಗಂಡ. ಹಸ್ಬೆಂಡ್ ಎಂಬುದನ್ನೇ ಮುದ್ದಿಗೆ ಮುರಿದು ಹಾಗೆನ್ನುತ್ತಾರೆ, ನಾವು ತಮ್ಮ ಚನ್ನವೀರನನ್ನು ಚನ್ನು ಅನ್ನುವುದಿಲ್ಲವೇ, ಹಾಗೆ. ಆಫೀಸಿನ ಕಾಗದದಲ್ಲಿ, ರೇಷನ್ ಕಾರ್ಡಿನಲ್ಲಿ ಬರೆಯುವ ಮಾತಲ್ಲ ಅದು. ಹುಟ್ಟುಹಬ್ಬದ ಕೇಕಿನ ಮೇಲೆ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ, ಫೋನಿನಲ್ಲಿ ಗಂಡನ ನಂಬರಿನ ಮೇಲೆ ಬರೆಯುತ್ತಾರೆ. ಎದುರಿಗೆ ನಿಂತು ‘ಹಬ್ಬೀ’ ಎಂದು ಕೂಗುವವರನ್ನು ನಾನು ಈ ಭಾಗದಲ್ಲಿ ಕಂಡಿಲ್ಲ. ಗೆಳತಿಯರ ಮುಂದೆ ‘ನನ್ನ ಹಬ್ಬಿ ತಂದದ್ದು’ ಎಂದು ಮೆರೆಯುವವರನ್ನು ಕಂಡಿದ್ದೇನೆ. ಹೊಸ ಮದುವೆಯ ಮಾತು ಅದು, ಒಂದು ಕೂಸಾದ ಮೇಲೆ ತಾನಾಗಿ ಉದುರುತ್ತದೆ. ನಿನ್ನ ಅಳಿಯನೂ ಮೊದಲ ವರ್ಷ ನನ್ನ ಫೋನಿನಲ್ಲಿ ಹಬ್ಬಿಯಾಗಿದ್ದರು. ಈಗ ‘ನಮ್ಮನ್ಯಾವ್ರು’ ಆಗಿದ್ದಾರೆ.

ನೋಡಿದರೆ ನಮ್ಮವರಿಗೆ ಹೇಳಿಮಾಡಿಸಿದ ಶಬ್ದ. ಗಂಡನ ಹೆಸರು ಹೇಳಬಾರದು ಎಂದು ನೀನು ನಲವತ್ತು ವರ್ಷ ‘ಅಂಗಡ್ಯಾವ್ರು’ ಅಂದೆ. ನಿನ್ನ ಸೊಸೆ ಭಾಗ್ಯಶ್ರೀ ಹಬ್ಬಿ ಅಂತಾಳೆ. ಅವಳ ಫೋನಿನಲ್ಲಿ ಕಂಡೆ ತಾನೆ? ಚನ್ನು ಹಟ್ಟಿಯ ಚಿನ್ನದ ಗಣಿಯಿಂದ ಫೋನ್ ಮಾಡಿರುತ್ತಾನೆ. ಹೊಸ ಜೋಡಿ, ಮಾತಾಡಿಕೊಳ್ಳಲಿ ಬಿಡು.

ಅಪ್ಪನ ಜೊತೆ ಮಾತು ಶುರುವಾಯಿತೋ ಇಲ್ಲವೋ?

ನಿನ್ನ ಶಿವಕುಮಾರಿ

---

ಲಿಂಗಸುಗೂರು
24 ಜೂನ್ 2025

ಶಿವಕುಮಾರಿ,

‘ಯಾಕೆ’ ಎಂದು ಕೇಳಬೇಡ ಅಂದಿದ್ದೆ. ನೀನು ಕೇಳಲಿಲ್ಲ, ನೀನಾಗಿಯೇ ತಿಳಿದುಕೊಂಡುಬಿಟ್ಟೆ. ಹಾಗಾದರೆ ಪೂರ್ತಿ ತಿಳಿ.

ಅವತ್ತು ಚನ್ನು ಶಿಫ್ಟ್ ಬದಲಾಗಿ ಮಧ್ಯಾಹ್ನ ಮನೆಯಲ್ಲೇ ಇದ್ದ. ನನ್ನೆದುರಿಗೆ ಕೂತು ರೊಟ್ಟಿ ಮುರಿಯುತ್ತಿದ್ದ. ಅವನ ಫೋನು ಗೋಡೆಯ ಗೂಡಿನಲ್ಲಿ ಚಾರ್ಜಿಗೆ ಹಾಕಿತ್ತು. ಆಗ ಒಲೆಕಟ್ಟೆಯ ಮೇಲಿದ್ದ ಸೊಸೆಯ ಫೋನು ರಿಂಗಾಯಿತು. ನಾನೇ ಬಗ್ಗಿ ನೋಡಿದೆ. ಹಬ್ಬಿ! ಪಕ್ಕದಲ್ಲಿ ಆ ಕೆಂಪೆಲೆ. ಅವಳು ಓಡಿಬಂದು ಫೋನಿನ ಬಾಯಿ ಮುಚ್ಚಿದಳು. “ಯಾರವ್ವಾ?” ಅಂದೆ. “ಕಂಪನಿ ಫೋನ್ರೀ ಅತ್ತಿ, ಹಾಡು ಹಚ್ಕೋರಿ ಅಂತಾರ” ಅಂದಳು.

ಹಬ್ಬಿ ಎಂದರೆ ಗಂಡ ಎಂದು ನೀನೇ ಬರೆದೆ. ಗಂಡ ಎದುರಿಗೆ ಕೂತು ರೊಟ್ಟಿ ತಿನ್ನುತ್ತಿದ್ದ. ಹಾಗಾದರೆ ಫೋನ್ ಮಾಡಿದ ಹಬ್ಬಿ ಯಾರು? ಚನ್ನುವಿಗೆ ಒಂದಕ್ಷರ ಬರೆಯಬೇಡ. ಭೂಮಿಯೊಳಗೆ ಇಳಿದು ದುಡಿಯುವವನು, ತಲೆ ಕೆಟ್ಟರೆ ಕಾಲು ಜಾರುತ್ತದೆ.

ನಿನ್ನ ಅಪ್ಪನ ಸುದ್ದಿ ತೆಗೆಯಬೇಡ. ಚನ್ನುವಿನ ಮದುವೆಯಲ್ಲಿ ಹೆಂಗಸರೆಲ್ಲ ಮದುಮಗಳಿಂದ ಒಡಪು ಹೇಳಿಸಿ, ಆಮೇಲೆ ನನ್ನನ್ನೂ ಬಿಡಲಿಲ್ಲ. ಒಡಪಿನಲ್ಲಿ ಮಾತ್ರ ಗಂಡನ ಹೆಸರು ಹೇಳಲು ಅಡ್ಡಿಯಿಲ್ಲವಲ್ಲ. ಯಾರದೋ ಒಡಪು ತಂದು ಹೇಳಲಿಲ್ಲ ನಾನು, ರೊಟ್ಟಿ ಬಡಿಯುತ್ತ ಎಷ್ಟೋ ದಿನ ನಾನೇ ಕಟ್ಟಿದ್ದೆ.

‘ಎತ್ತಿನ ಕೊರಳಿಗೆ ಗೆಜ್ಜಿ ಚೆಂದ,
ಎಳಿಕೂಸಿನ ಕಾಲಿಗೆ ಕಡಗ ಚೆಂದ,
ಇಂಥವರು ಮನಿಗೆ ಬಂದ್ರ...’

ಇಂಥವರು ಎಂಬಲ್ಲಿ ಹೆಸರಿತ್ತು, ಇಲ್ಲಿ ಬರೆಯುವುದಿಲ್ಲ. ಹೆಸರು ಬಾಯಿಗೆ ಬಂದದ್ದೇ ತಡ, ನಾಚಿಕೆಗೆ ನಾಲ್ಕನೇ ಸಾಲು ಮರೆತುಹೋಯಿತು. ಆಗ ನಿಮ್ಮಪ್ಪ ಹಂದರದ ಆ ಕಡೆಯಿಂದ, “ನಲವತ್ತು ವರ್ಷಕ್ಕೊಮ್ಮೆ ಹೊರಗ ಬಂದ ಹೆಸರು, ಹಾದಿ ತಪ್ಪೈತಿ ನೋಡ್ರಿ!” ಎಂದು ಕೂಗಿದರು. ಹಂದರವೇ ನಕ್ಕಿತು. ಅವತ್ತಿನಿಂದ ಅವರಿಗೆ ಊಟಕ್ಕೆ ಸೊಸೆಯೇ ಬಡಿಸುತ್ತಾಳೆ. ನನ್ನ ಬಿ.ಪಿ. ಗುಳಿಗೆಯನ್ನು ದಿನಾ ಅವರು ಕೊಡುತ್ತಿದ್ದರು, ಅದೂ ಬೇಡವೆಂದೆ. ಈಗ ಸೊಸೆಯೇ ತಂದು ಕೊಡುತ್ತಾಳೆ.

ಅಪ್ಪನ ಮಾತು ಹೋಗಲಿ. ಹಬ್ಬಿ ಯಾರೆಂದು ಹೇಳು.

ನಿನ್ನ ಅವ್ವ

---

ಸಿಂಧನೂರು
1 ಜುಲೈ 2025

ಅವ್ವಾ,

ಕೂತು ಯೋಚಿಸಿದೆ. ಚನ್ನುವಿನ ಹಳೆಯ ನಂಬರ್ ಇರಬಹುದು, ಅದನ್ನೀಗ ಕಂಪನಿ ಬೇರೆ ಯಾರಿಗೋ ಕೊಟ್ಟಿರಬಹುದು. ಗೆಳತಿಯನ್ನು ತಮಾಷೆಗೆ ಹಬ್ಬಿ ಎಂದು ಬರೆದುಕೊಳ್ಳುವ ಹುಡುಗಿಯರೂ ಇದ್ದಾರೆ. ಇದ್ದಕ್ಕಿದ್ದ ಹಾಗೆ ಬೆಂಕಿ ಹಚ್ಚಬೇಡ. ಆದರೆ ನಿಜ ಹೇಳುತ್ತೇನೆ, ಕಂಪನಿ ಫೋನು ಎಂದು ಅವಳು ಯಾಕೆ ಸುಳ್ಳು ಹೇಳಿದಳೋ, ಅದು ನನಗೂ ಚುಚ್ಚುತ್ತಿದೆ.

ಒಂದು ಕೆಲಸ ಮಾಡು. ಇನ್ನೊಮ್ಮೆ ಫೋನು ಬಂದಾಗ ನೀನೇ ಎತ್ತಿ ಮಾತಾಡು. ಆ ಧೈರ್ಯ ಬರದಿದ್ದರೆ ಹೆಸರಿನ ಕೆಳಗಿರುವ ನಂಬರ್ ಬರೆದು ಕಳಿಸು, ನಾನು ನೋಡಿಕೊಳ್ಳುತ್ತೇನೆ.

ಶಿವಕುಮಾರಿ

---

ಲಿಂಗಸುಗೂರು
13 ಜುಲೈ 2025

ಶಿವಕುಮಾರಿ,

ಈ ಪತ್ರ ಓದಿ ಒಲೆಗೆ ಹಾಕು.

ನಾನು ಕಾವಲು ಕೂತೆ. ಚನ್ನು ಶಿಫ್ಟಿಗೆ ಹೋದ ದಿನ ಮಧ್ಯಾಹ್ನ ಊಟದ ಹೊತ್ತು ದಾಟಿದ್ದೇ ತಡ, ಫೋನು ಗುಂಯ್ ಎನ್ನುತ್ತದೆ. ಅವಳು ಹಿತ್ತಲಿನ ಲಿಂಬಿ ಗಿಡದ ಕೆಳಗೆ ಹೋಗುತ್ತಾಳೆ. ನಾನು ಬಚ್ಚಲಲ್ಲಿ ನಿಂತು ಕೇಳಿದೆ. “ಹ್ಞೂಂ ರೀ, ಗುಳಿಗಿ ನುಂಗ್ಯಾರ. ನಾ ಎದುರಿಗೆ ನಿಂತು ನೋಡೀನಿ. ಇಲ್ರೀ, ಅತ್ತಿಯವರಿಗೆ ಏನೇನೂ ಗೊತ್ತಿಲ್ಲ.”

ಕೇಳಿದೆಯಾ ಶಿವಕುಮಾರಿ? ಗುಳಿಗೆ ನುಂಗಿದವಳು ನಾನು. ಗೊತ್ತಿಲ್ಲದವಳೂ ನಾನೇ. ಯಾವನೋ ಹಬ್ಬಿ ದಿನಾ ಅದರ ವರದಿ ಕೇಳುತ್ತಾನೆ. ನನ್ನನ್ನು ಸಾಗಹಾಕಿ ಇವರೇನು ಮಾಡಬೇಕೆಂದಿದ್ದಾರೆ?

ಅವತ್ತಿನಿಂದ ಅವಳು ಕೊಟ್ಟ ಗುಳಿಗೆಯನ್ನು ದವಡೆಯಲ್ಲಿಟ್ಟುಕೊಂಡು ಹೋಗಿ ಬಚ್ಚಲಿಗೆ ಉಗುಳಿದೆ. ಅವಳು ಮಾಡಿದ ಅಡುಗೆ ಮುಟ್ಟಲಿಲ್ಲ, ಒಂದು ಮುಷ್ಟಿ ಮಂಡಾಳು ಮುಕ್ಕಿ ನೀರು ಕುಡಿದೆ. ನಾನು ಊಟ ಬಿಟ್ಟ ಮೇಲೆ ಆ ಫೋನು ಮತ್ತೆ ಮತ್ತೆ ಬರತೊಡಗಿತು. ಬೇಟೆ ತಪ್ಪಿತಲ್ಲ, ಗಾಬರಿ! ಅವಳ ಕಣ್ಣಲ್ಲಿ ನೀರು ಬೇರೆ. “ಒಂದು ತುತ್ತರ ಉಣ್ರೀ ಅತ್ತಿ” ಎಂದು ಕಾಲು ಹಿಡಿದಳು. ಎಷ್ಟು ಉಪಚಾರವೋ ಅಷ್ಟು ಹೆದರಿಕೆ ನನಗೆ.

ಅವಳು ಸ್ನಾನಕ್ಕೆ ಹೋದಾಗ ಫೋನು ತೆಗೆದು ನೋಡಿದೆ. ಹೆಸರುಗಳ ಸಾಲಿನಲ್ಲಿ ಹಬ್ಬಿ ಒಬ್ಬನಲ್ಲ, ಇಬ್ಬರಿದ್ದಾರೆ! ಒಬ್ಬ ‘ಹಬ್ಬಿ ಹಟ್ಟಿ’. ಅವನು ನಮ್ಮ ಚನ್ನುವೇ, ಫೋಟೋ ಇದೆ. ಇನ್ನೊಬ್ಬ ಬರೀ ಹಬ್ಬಿ. ಫೋಟೋ ಇಲ್ಲ, ಕೆಂಪೆಲೆ ಮಾತ್ರ ಇದೆ. ಆ ನಂಬರನ್ನು ಚಸ್ಮಾ ಹಾಕಿಕೊಂಡು ಬರೆದುಕೊಂಡಿದ್ದೇನೆ. ಇದರ ಜೊತೆಗಿರುವ ಚೀಟಿ ನೋಡು. ನಾನೇ ಮಾಡಲು ಧೈರ್ಯ ಸಾಲಲಿಲ್ಲ.

ನಿನ್ನೆ ಅವಳನ್ನು ಮಸ್ಕಿಗೆ, ಅವಳ ತವರಿಗೆ ಕಳಿಸಿದೆ. ಮದುವೆಯಾದ ಮೇಲೆ ಮೊದಲ ನಾಗಪಂಚಮಿ ಎಂಬ ನೆಪ ಸಿಕ್ಕಿತು. ಪಂಚಮಿ ಇನ್ನೂ ದೂರ ಇದೆಯಲ್ಲ ಅಂದಳು. “ನಾ ಕರಿಯೋತನಕ ಬರಬ್ಯಾಡ” ಅಂದೆ. ನೀನು ಆ ನಂಬರ್ ಯಾರದೆಂದು ತಿಳಿಸಿದ ದಿನ ಹಿರಿಯರನ್ನು ಕೂಡಿಸಿ ಸಂಬಂಧ ಹರಿಯುತ್ತೇನೆ.

ನಿನ್ನ ಅವ್ವ

---

ಸಿಂಧನೂರು
19 ಜುಲೈ 2025

ಅವ್ವಾ,

ನೀನು ಕಳಿಸಿದ ನಂಬರನ್ನು ನನ್ನ ಫೋನಿನಲ್ಲಿ ಒತ್ತಿದೆ. ಯಾರದೆಂದು ತಿಳಿಯಿತು. ರಿಂಗಾಗುವ ಮೊದಲೇ ಕಟ್ ಮಾಡಿದೆ.

ಈಗ ಹೇಳಲಾರೆ. ಆ ನಂಬರ್ ಯಾರಿಗೂ ತೋರಿಸಬೇಡ, ಹಿರಿಯರನ್ನು ಕೂಡಿಸಬೇಡ. ವಳಕಮದಿನ್ನಿಯ ಹೊಲದಲ್ಲಿ ಭತ್ತದ ನಾಟಿ ನಡೆದಿದೆ, ಆಳುಗಳಿಗೆ ಬುತ್ತಿ ಕಟ್ಟುವುದೇ ಆಗಿದೆ. ಪಂಚಮಿಗೆ ನಾನು ಬರಲಾರೆ. ಆದರೆ ಹೇಗಾದರೂ ಒಂದು ದಿನ ಬಿಡುವು ಮಾಡಿಕೊಂಡು ಮಸ್ಕಿಗೆ ಹೋಗಿ ಭಾಗ್ಯಶ್ರೀಯನ್ನು ನಾನೇ ಕಂಡು ಬರುತ್ತೇನೆ. ಅಲ್ಲಿಯತನಕ ನಿನ್ನ ಬಾಯಿಗೆ ಬೀಗ ಇರಲಿ.

ದಯಮಾಡಿ ಗುಳಿಗೆ ನುಂಗು, ಅವ್ವಾ.

ಶಿವಕುಮಾರಿ

---

ಲಿಂಗಸುಗೂರು
23 ಜುಲೈ 2025

ಶಿವಕುಮಾರಿ,

ಗುಳಿಗೆ ನುಂಗು ಎಂದು ನೀನೂ ಶುರು ಮಾಡಿದೆ. ಹೆತ್ತ ಮಗಳೇ ಮುಚ್ಚಿಡುತ್ತಾಳೆಂದರೆ ನಾನು ಇನ್ನು ಯಾರನ್ನು ನಂಬಲಿ? ಆ ನಂಬರ್ ನಿನಗೆ ಗೊತ್ತಿದ್ದವರದು. ಇಲ್ಲದಿದ್ದರೆ ಮಾತಾಡದೆ ಏಕೆ ಕಟ್ ಮಾಡಬೇಕು? ನಿನ್ನ ಗಂಡ ಸಿದ್ದಲಿಂಗೇಶನೇನು? ಬರೆದ ಮೇಲೆ ನನ್ನ ನಾಲಿಗೆ ಕಚ್ಚಿಕೊಂಡೆ, ಆದರೆ ಅಳಿಸುವುದಿಲ್ಲ.

ಮನೆ ಬಿಕೋ ಎನ್ನುತ್ತಿದೆ. ನನಗೂ ನಿಮ್ಮಪ್ಪನಿಗೂ ನಡುವೆ ಮಾತು ದಾಟಿಸಲು ಸೊಸೆ ಇದ್ದಳು. “ಅತ್ತಿ, ಮಾವಾರಿಗೆ ಮಜ್ಜಿಗಿ ಬೇಕಂತ”, “ಮಾವಾರ, ಅತ್ತಿ ಎಣ್ಣಿ ತರ್ರಿ ಅಂದಾರ” ಎಂದು ಓಡಾಡುತ್ತಿದ್ದಳು. ಈಗ ನಾನು ತಟ್ಟೆಯಿಟ್ಟು ಒಳಗೆ ಬರುತ್ತೇನೆ, ಅವರು ಉಂಡು ಏಳುತ್ತಾರೆ, ಅಷ್ಟೆ.

ಇನ್ನೊಂದು ವಿಚಿತ್ರ ಕೇಳು. ಮಧ್ಯಾಹ್ನ ಎಂದೂ ಹಗ್ಗದಂಗಡಿ ಬಿಟ್ಟು ಬರದ ನಿಮ್ಮಪ್ಪ ಈಗ ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ರೊಟ್ಟಿ ಬುಟ್ಟಿಯತ್ತ ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ, ಹಾಗೇ ತಿರುಗುತ್ತಾರೆ. ಗುರುಗುಂಟಾದ ಗಿರಾಕಿಗಳು ಎತ್ತು ಕಟ್ಟುವ ಕಣ್ಣಿ-ಹಗ್ಗಕ್ಕಾಗಿ ಕಾದು ಕೂತಿರುತ್ತಾರಂತೆ. ನಿನ್ನೆ ನೀರಿನ ಕೊಡದ ಮುಚ್ಚಳದ ಮೇಲೆ ಗುಳಿಗೆಯ ಪೊಟ್ಟಣ ಇಟ್ಟು ಹೋಗಿದ್ದಾರೆ. ಇವರೂ ಆ ಹುಡುಗಿಯ ಪಕ್ಷ ಸೇರಿದರೇನು? ಮುಟ್ಟಲಿಲ್ಲ ನಾನು. ತಲೆ ತಿರುಗಿ ಎರಡು ಸಲ ಗೋಡೆ ಹಿಡಿದೆ.

ಯಾರೆಂದು ಹೇಳಿಬಿಡು.

ನಿನ್ನ ಅವ್ವ

---

ಮಸ್ಕಿ
27 ಜುಲೈ 2025

ಅತ್ತೆಯವರ ಪಾದಕ್ಕೆ ಭಾಗ್ಯಶ್ರೀಯ ನಮಸ್ಕಾರಗಳು.

ಶಿವಕುಮಾರಿ ಅಕ್ಕ ನನ್ನೆದುರಿಗೇ ಕೂತಿದ್ದಾರೆ. ನಿಮ್ಮ ಪತ್ರಗಳನ್ನೂ ಓದಿ ಹೇಳಿದರು. ಸಂಬಂಧ ಹರಿಯುವ ಮಾತು ಕೇಳಿ ಅಳು ಬಂತು, ಗುಳಿಗೆಯ ಮಾತು ಕೇಳಿ ಸಿಟ್ಟು ಬಂತು. ನನ್ನ ಕೈಯಲ್ಲಿ ವಿಷ ಇದೆಯೆಂದು ನೀವು ಹೇಗೆ ಅಂದುಕೊಂಡಿರಿ? ನಿಮ್ಮ ಮೇಲಿನ ಆ ಸಿಟ್ಟು ಇನ್ನೂ ಇಳಿದಿಲ್ಲ. ಮುಚ್ಚಿಟ್ಟರೆ ಏನಾಗುತ್ತದೆಂದು ಕಂಡೆನಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ನಿಶ್ಚಯ ಆದಾಗ, ಅಕ್ಕಿಕಾಳು ಬೀಳುವತನಕ ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಕೂಡದು ಎಂದು ನೀವು ಕಟ್ಟು ಮಾಡಿದ್ದಿರಿ. ನಿಮ್ಮ ಮಗನ ಫೋನನ್ನು ದಿನಾ ತೆಗೆದು ನೋಡುತ್ತಿದ್ದಿರಂತೆ. ಅದಕ್ಕೆ ಇವರು ಅಂಗಡಿಯಲ್ಲಿ ಕೂತು, ಮಾವನವರ ಫೋನಿನಿಂದ ನನ್ನ ಜೊತೆ ಮಾತಾಡುತ್ತಿದ್ದರು. ಹೆಸರು ಬರೆಯಲು ನಾಚಿಕೆಯಾಗಿ ಆ ನಂಬರಿಗೆ ಹಬ್ಬಿ ಎಂದು ಬರೆದುಕೊಂಡೆ. ಮದುವೆಯಾದ ಮೇಲೆ ಇವರ ಸ್ವಂತ ನಂಬರಿಗೆ ಹಬ್ಬಿ ಹಟ್ಟಿ ಎಂದು ಬರೆದೆ. ಹಳೆಯದು ಹಾಗೇ ಉಳಿಯಿತು.

ನೀವಿಬ್ಬರೂ ಮಾತು ಬಿಟ್ಟ ಮೇಲೆ ಒಂದು ಮಧ್ಯಾಹ್ನ ಆ ನಂಬರಿನಿಂದ ಫೋನ್ ಬಂತು. ಇವರೇ ಎಂದುಕೊಂಡು ಎತ್ತಿದರೆ ಮಾವನವರ ದನಿ. “ಭಾಗ್ಯಾ, ನಿಮ್ಮತ್ತಿ ಉಂಡ್ಲೇನವ್ವಾ? ಗುಳಿಗಿ ನುಂಗಿದ್ಲೇನು?” ಅಂದರು. “ನಾ ಕೇಳೀನಿ ಅಂತ ಹೇಳಬ್ಯಾಡ ಮತ್ತ. ಗೊತ್ತಾದ್ರ ಸಿಟ್ಟಿಗೆ ಉಣ್ಣೋದೂ ಬಿಟ್ಟಾಳು.” ಅವತ್ತಿನಿಂದ ದಿನಾ ಅದೇ ಮಾತು. ಮಾವ ಎಂದು ಹೆಸರು ತಿದ್ದಿದರೆ ನಿಮ್ಮ ಕಣ್ಣಿಗೆ ಬೀಳುತ್ತದೆ, ಹಬ್ಬಿ ಎಂದೇ ಇದ್ದರೆ ಗಂಡನ ಫೋನು ಎಂದು ಸುಮ್ಮನಿರುತ್ತೀರಿ ಎಂದು ಹಾಗೇ ಬಿಟ್ಟೆ. ಇವರ ಶಿಫ್ಟ್ ಬದಲಾದೀತು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಒಂದು ದಿನ ಮಾವನವರು ಇನ್ನೊಂದು ಕೇಳಿದರು. “ಆಕಿ ಒಡಪಿನ ನಾಕನೇ ಸಾಲು ಏನಿತ್ತವ್ವಾ? ನಾ ನಡುವ ಬಾಯಿ ಹಾಕಿ ಕೆಡಿಸಿಬಿಟ್ಟೆ. ಕೇಳಬೇಕಂತ ಬಾಳ ಐತಿ, ಆದ್ರ ಯಾವ ಮುಖ ಇಟ್ಕೊಂಡು ಕೇಳ್ಲಿ?” ಅದನ್ನು ನಿಮ್ಮ ಹತ್ತಿರ ಕೇಳಲು ನನಗೂ ಧೈರ್ಯ ಬರಲಿಲ್ಲ.

ಇಲ್ಲಿ ಪಂಚಮಿಗೆ ಜೋಕಾಲಿ ಕಟ್ಟಿದ್ದಾರೆ. ಎಲ್ಲರೂ ಕರೆಯುತ್ತಿದ್ದಾರೆ, ನಾನು ಹತ್ತಿಲ್ಲ.

ಭಾಗ್ಯಶ್ರೀ

ಅವ್ವಾ, ಕೆಳಗೆ ನಾನೂ ಎರಡು ಸಾಲು ಬರೆಯುತ್ತಿದ್ದೇನೆ. ನೀನು ಕೊಟ್ಟ ನಂಬರ್ ಒತ್ತಿದಾಗ ನನ್ನ ಫೋನಿನ ಮೇಲೆ ‘ಅಪ್ಪ’ ಎಂದು ಬಂತು. ಇಲ್ಲಿಗೆ ಬರುವತನಕ ನಾನು ಏನೇನು ಯೋಚಿಸಿದೆ ಎಂಬುದನ್ನು ಈ ಜನ್ಮದಲ್ಲಿ ಯಾರಿಗೂ ಹೇಳಲಾರೆ. ನಿನ್ನ ಮಗಳೇ ನಾನು. ಆ ನಂಬರ್ ನಮ್ಮ ಅಂಗಡಿಯ ಬೋರ್ಡಿನ ಮೇಲೂ ಇದೆ, ಹೋಗಿ ನೋಡು. ಶಿವಕುಮಾರಿ.

---

ಲಿಂಗಸುಗೂರು
4 ಆಗಸ್ಟ್ 2025

ಶಿವಕುಮಾರಿ,

ಬೋರ್ಡು ನೋಡಿದೆ. ಎತ್ತಿನ ಚಿತ್ರದ ಕೆಳಗೆ ಬದನೆಕಾಯಿಯಷ್ಟು ದಪ್ಪ ಅಂಕಿಗಳು. ಮದುವೆಯ ನಂತರ ಆ ಕಡೆ ನಾನು ತಲೆಯೆತ್ತಿರಲಿಲ್ಲ. ಅದಕ್ಕೂ ಮೊದಲು ನೋಡಿದ್ದರೂ ನೆನಪಿರುತ್ತಿರಲಿಲ್ಲ. ನನ್ನ ಫೋನಿನಲ್ಲಿ ಆ ನಂಬರಿಗಿರುವ ಹೆಸರು ‘ಅಂಗಡಿ’, ಅದನ್ನು ಒತ್ತಿಯೇ ರೂಢಿ. ಒಬ್ಬ ಮನುಷ್ಯನನ್ನು ಇಷ್ಟು ವರ್ಷ ಅಂಗಡಿ ಮಾಡಿ ಇಟ್ಟಿದ್ದೇನೆ ನೋಡು.

ಪಂಚಮಿ ಮುಗಿದ ಮೇಲೆ ಯಾರಿಗೂ ಹೇಳದೆ ಬಸ್ಸು ಹತ್ತಿ ಮಸ್ಕಿಗೆ ಹೋದೆ. ಭಾಗ್ಯಶ್ರೀ ನೀರು ಕೊಟ್ಟು ಮುಖ ತಿರುಗಿಸಿದಳು. “ತಪ್ಪಾತವ್ವಾ, ನನ್ನ ಕಣ್ಣಿಗೆ ಕಾಮಣಿ ಬಂದಿತ್ತು, ಎಲ್ಲಾ ಹಳದಿ ಕಾಣತಿತ್ತು” ಅಂದೆ. ಅವಳು ಖಾಲಿ ತಂಬಿಗೆ ಎತ್ತಿಕೊಂಡು ಹೊರಟಳು. “ನಾನೂ ಅತ್ತಿ ಆದಾಕಿ, ಇದಕ್ಕಿಂತ ಹೆಚ್ಚಿಗಿ ಬಾಗಾಕ ಬರಾಂಗಿಲ್ಲ. ಸೊಂಟ ಹಿಡಿತೈತಿ” ಅಂದೆ. ಆಗ ನಕ್ಕಳು, ಆಮೇಲೆ ಅತ್ತಳು. ನನ್ನ ಕೈಗೆ ಒಂದು ಗುಳಿಗೆ ಕೊಟ್ಟು ಎದುರಿಗೆ ನಿಂತಳು. ನಾನು ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿ ನುಂಗಿದೆ.

ನಿನ್ನೆ ಬೆಳಿಗ್ಗೆ ಅವಳನ್ನು ಕರೆದುಕೊಂಡು ಅಂಗಡಿಯ ಮುಂದಿನಿಂದಲೇ ಮನೆಗೆ ಬಂದೆ. ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ರೊಟ್ಟಿ ಆಗಿತ್ತು, ಪುಂಡಿಪಲ್ಲೆ ಆಗಿತ್ತು. ಅವಳ ಫೋನು ರಿಂಗಾಯಿತು. ಹಬ್ಬಿ, ಕೆಂಪೆಲೆ. ಅವಳು ಏನೂ ಹೇಳದೆ ನನ್ನ ಕೈಗಿಟ್ಟಳು. ಎತ್ತಿ ಕಿವಿಗೆ ಹಿಡಿದೆ.

“ಭಾಗ್ಯಾ, ಬಂದ್ಯಾ ತಾಯಿ? ಚೊಲೊ ಆತು. ಉಂಡ್ಲೇನವ್ವಾ ಆಕಿ?”

ಆ ದನಿಯಲ್ಲಿದ್ದ ಕಳವಳ ನನಗೆ ಹೊಸದು. ನನ್ನ ಎದುರಿಗೆ ಅವರು ಎಂದೂ ಹಾಗೆ ಮಾತಾಡಿದವರಲ್ಲ. ಉತ್ತರ ನಾನೇ ಹೇಳಿದೆ.

“ಉಂಡಿಲ್ಲ. ಎತ್ತಿನ ಕೊರಳಿಗೆ ಗೆಜ್ಜಿ ಚೆಂದ, ಎಳಿಕೂಸಿನ ಕಾಲಿಗೆ ಕಡಗ ಚೆಂದ, ಹಂಪಣ್ಣನವರು ಮನಿಗೆ ಬಂದ್ರ, ಹಚ್ಚಿದ ದೀಪಕ್ಕ ಬೆಳಕ ಚೆಂದ.”

ಫೋನಿನಲ್ಲೇ ಅಂಗಡಿಯ ಶಟರ್ ಎಳೆದ ಸದ್ದು ಕೇಳಿಸಿತು. ಅವರು ಬಂದಾಗ ಮುಖ ತೊಳೆದಿದ್ದರು, ಆದರೂ ಕಣ್ಣು ಕೆಂಪಾಗಿದ್ದವು. ಒಂದೇ ಬುಟ್ಟಿಯ ರೊಟ್ಟಿ ಇಬ್ಬರೂ ಕೂತು ಉಂಡೆವು. ಬಡಿಸಿದವಳು ನಾನೇ.

ಸಂಜೆ ಭಾಗ್ಯಶ್ರೀ ನನ್ನ ಫೋನು ಕಸಿದುಕೊಂಡು ‘ಅಂಗಡಿ’ ಅಳಿಸಿ ಏನೋ ಬರೆದಳು. ಕೂಸಾದ ಮೇಲೆ ಉದುರುವ ಮಾತು ಎಂದು ನೀನು ಬರೆದಿದ್ದೆ. ಇಲ್ಲಿ ಮೊಮ್ಮಕ್ಕಳಾದ ಮೇಲೆ ಚಿಗುರಿದೆ. ಇವತ್ತು ಬೆಳಿಗ್ಗೆ ನಿಮ್ಮಪ್ಪನ ಕಣ್ಣು ಅದರ ಮೇಲೆ ಬಿತ್ತು. ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಹುಬ್ಬು ಗಂಟು ಹಾಕಿ, “ಯಾರಿದು ಹಬ್ಬಿ? ಪಕ್ಕದಾಗ ಕೆಂಪು ಎಲಿ ಬ್ಯಾರೆ” ಅಂದರು. “ಕಂಪನಿ ಫೋನ್ರೀ, ಹಾಡು ಹಚ್ಕೋರಿ ಅಂತಾರ” ಅಂದೆ. ಭಾಗ್ಯಶ್ರೀ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದಳು.

ಅವರು ನಂಬಿಲ್ಲ. ಅಂಗಡಿಗೆ ಹೋಗುವಾಗ ಎರಡು ಸಲ ತಿರುಗಿ ನೋಡಿದರು. ನಿನಗೂ ಫೋನ್ ಮಾಡಿ ಅರ್ಥ ಕೇಳುತ್ತಾರೆ. ಹೇಳಬೇಡ, ಸ್ವಲ್ಪ ದಿನ ಅವರೂ ಸಂಶಯ ಪಡಲಿ.

ನಿನ್ನ ಅವ್ವ,
ಸಂಗಮ್ಮ ಹಂಪಣ್ಣ